ಮೇಸ್ತ್ರಿ, ಮೇಷ್ಟ್ರು, ಮ್ಯಾಜಿಸ್ಟ್ರೇಟ್: ಬೇರು ಒಂದೇ, ಅರ್ಥ ಯಾಕೆ ಬೇರೆ?

ಪದಗಳ ಮೂಲದ ಮಾತು ಬಂದಾಗಲೆಲ್ಲ ನನಗೆ ಈ ಪ್ರಶ್ನೆ ಬಂದೇ ಬರುತ್ತದೆ: “ಎರಡು ಪದ ಒಂದೇ ಲ್ಯಾಟಿನ್ ಬೇರಿನಿಂದ ಹುಟ್ಟಿದ್ದರೆ ಅರ್ಥವೂ ಒಂದೇ ಇರಬೇಕಲ್ಲ? ಬೇರಿನ ಅರ್ಥವೇ ನಿಜವಾದ ಅರ್ಥ ತಾನೇ?”

ಅಲ್ಲ. ಪದ ಯಾರ ಬಾಯಿಗೆ ಬಿತ್ತು, ಅವರು ಅದನ್ನು ಯಾವ ಕೆಲಸಕ್ಕೆ ಹಚ್ಚಿದರು ಎನ್ನುವುದರ ಮೇಲೆ ಅರ್ಥ ನಿಲ್ಲುತ್ತದೆ. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಮನೆ ಕಟ್ಟುವ ಕಡೆ ಹೋಗಿ ನೋಡಿ. ಕರಣೆ ಹಿಡಿದವರು ನಾಲ್ಕೈದು ಜನ ಇರುತ್ತಾರೆ. ಆದರೆ ತೂಕದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, “ಈ ವರಸೆ ಬಿಚ್ಚು” ಎನ್ನುವ ಅಧಿಕಾರ ಇರುವುದು ಒಬ್ಬರಿಗೇ. ಅವರು ಮೇಸ್ತ್ರಿ. ಕಾಫಿ ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವವರೂ ಮೇಸ್ತ್ರಿಯೇ. ಶಾಲೆಗೆ ಬಂದರೆ ಮೇಷ್ಟ್ರು, ಕೋರ್ಟಿಗೆ ಹೋದರೆ ಮ್ಯಾಜಿಸ್ಟ್ರೇಟ್. ಈ ಮೂರಕ್ಕೂ ಬೇರು ಲ್ಯಾಟಿನ್ನಿನ ‘ಮಾಗಿಸ್ಟರ್’.

‘ಮಾಗಿಸ್’ ಅಂದರೆ ಹೆಚ್ಚು. ಮಾಗಿಸ್ಟರ್ ಅಂದರೆ ಮಿಕ್ಕವರಿಗಿಂತ ಮೇಲಿರುವವನು. ಯಾವುದರಲ್ಲಿ ಮೇಲು ಎಂದು ಪದ ಹೇಳುವುದಿಲ್ಲ. ರೋಮನ್ನರ ಕಾಲದಲ್ಲೇ ಮಕ್ಕಳಿಗೆ ಅಕ್ಷರ ಕಲಿಸುವವನು ‘ಲೂಡಿ ಮಾಗಿಸ್ಟರ್’, ಸರ್ವಾಧಿಕಾರಿಯ ಕೈಕೆಳಗೆ ಕುದುರೆ ದಂಡು ನಡೆಸುವವನು ‘ಮಾಗಿಸ್ಟರ್ ಎಕ್ವಿಟುಮ್’ ಆಗಿದ್ದರು. ಅರ್ಥ ಕವಲೊಡೆದದ್ದು ತವರಿನಲ್ಲೇ.

ಪೋರ್ಚುಗೀಸರ ಬಾಯಲ್ಲಿ ಅದು ಸವೆದು ‘ಮೆಸ್ತ್ರೆ’ ಆಯಿತು. ಕಸುಬಿನಲ್ಲಿ ಪಳಗಿದವನಿಗೂ ಆ ಹೆಸರು ಸಂದಿತು. 1510ರಲ್ಲಿ ಅವರು ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡರು. ಪಾದ್ರಿ, ಇಗರ್ಜಿ (ಚರ್ಚು) ಎಂಬ ಪದಗಳಂತೆ ಮೇಸ್ತ್ರಿಯೂ ಆ ನಂಟಿನ ಕೊಡುಗೆ. ಇಂಗ್ಲಿಷಿನಲ್ಲಿ ಅದೇ ಪದ ‘ಮಾಸ್ಟರ್’ ಆಗಿ, ಶಾಲೆಯ ದಾರಿ ಹಿಡಿದು ನಮ್ಮಲ್ಲಿಗೆ ಬಂದು, ಗೌರವದ ‘ರು’ ಹಚ್ಚಿಕೊಂಡು ಮೇಷ್ಟ್ರು ಆಯಿತು. ಹೆಸರಿಗೆ ಮೊದಲು ಬರುವ ‘ಮಿಸ್ಟರ್’ ಕೂಡ ಅದೇ ಮಾಸ್ಟರ್. ಮ್ಯಾಜಿಸ್ಟ್ರೇಟ್‌ನಲ್ಲಿ ಮಾತ್ರ ಮಾಗಿಸ್ಟರ್‌ನ ನಡುವಿನ ‘ಗ’ ‘ಜ’ ಆಗಿಯಾದರೂ ಉಳಿದುಕೊಂಡಿದೆ. ಅದು ಓದುಬರಹ ಬಲ್ಲವರು ಲ್ಯಾಟಿನ್ ಬರಹದಿಂದ ಎತ್ತಿಕೊಂಡ ಪದ. ರೋಮಿನಲ್ಲಿ ಅದು ಅಧಿಕಾರದ ಹುದ್ದೆಯ ಹೆಸರಾಗಿತ್ತು.

ಮಾಗಿಸ್ಟರ್‌ಗೆ ಎದುರಾಳಿ ‘ಮಿನಿಸ್ಟರ್’. ‘ಮೈನಸ್’ನಲ್ಲಿರುವ ‘ಕಡಿಮೆ’ಯೇ ಇದರಲ್ಲೂ ಇದೆ: ಕೆಳಗಿನವನು, ಸೇವಕ. ಅರಸನ ಸೇವಕ ಅರಸನ ಕೆಲಸವನ್ನೆಲ್ಲ ನಡೆಸುವವನಾದ ಮೇಲೆ ಮಿನಿಸ್ಟರ್ ಅಂದರೆ ಮಂತ್ರಿ ಎಂದಾಯಿತು. ಇದನ್ನು ಹಿಡಿದು “ಮಂತ್ರಿ ಅಂದರೆ ಸೇವಕ ಎಂದೇ ಅರ್ಥ” ಎಂದು ಭಾಷಣ ಮಾಡುವವರಿದ್ದಾರೆ. ಅವರ ಆಸೆ ನನ್ನದೂ ಹೌದು, ಆದರೆ ಆ ವಾದಕ್ಕೆ ಆಧಾರ ನಮ್ಮ ಸಂವಿಧಾನದಲ್ಲಿ ಸಿಗಬೇಕು, ಲ್ಯಾಟಿನ್ನಿನಲ್ಲಲ್ಲ.

ಹಾಗಾದರೆ ಬೇರು ತಿಳಿದು ಲಾಭವೇನು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಪದ ನೆನಪಿನಲ್ಲಿ ಉಳಿಯುತ್ತದೆ, ಸ್ಪೆಲಿಂಗ್ ತಪ್ಪುವುದಿಲ್ಲ, ಪದ ನಡೆದು ಬಂದ ಹಾದಿ ಕಾಣುತ್ತದೆ. ಉದಾಹರಣೆಗೆ, ಲ್ಯಾಟಿನ್ನಿನ ‘ಕಾಪುಟ್’ ಅಂದರೆ ತಲೆ. ಫ್ರೆಂಚರು ಅದರಿಂದ ಮಾಡಿಕೊಂಡ ಪದ ಇಂಗ್ಲಿಷಿಗೆ ಎರಡು ಸಲ ಬಂತು. ಫ್ರೆಂಚಿನಲ್ಲಿ ಇನ್ನೂ ‘ಚ’ ಎನ್ನುತ್ತಿದ್ದ ಕಾಲದಲ್ಲಿ ಬಂದದ್ದು ‘ಚೀಫ್’. ಆ ‘ಚ’ ‘ಶ’ ಆಗಿ ಬಹಳ ಕಾಲವಾದ ಮೇಲೆ, 19ನೇ ಶತಮಾನದಲ್ಲಿ, ಅಡುಗೆಮನೆಯ ಮುಖ್ಯಸ್ಥನ ಹೆಸರಾಗಿ ಬಂದದ್ದು ‘ಶೆಫ್’.