ಮೂರು ರೆಗ್ಯುಲೇಟರ್, ಒಂದು ಬಕೆಟ್ ನೀರು

ಮಳೆಗಾಲದಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿಗಳು ಹೋಗುವುದಿಲ್ಲ. ಸಲಕರಣೆಗಳನ್ನು ಬಿಚ್ಚಿ ನೋಡುವುದಕ್ಕೂ ಹೊಸದನ್ನು ಕೊಳ್ಳುವುದಕ್ಕೂ ಅದೇ ಸರಿಯಾದ ಕಾಲ. ಅಂಥ ಒಂದು ದಿನ, ಮೊದಲ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ನೀರಿನಡಿ ಉಸಿರಾಡುವಂತೆ ಕೊಡುವ ಉಪಕರಣ, ಕೊಳ್ಳಬೇಕೆಂದಿದ್ದವರ ಮುಂದೆ ಮೂರು ಬಗೆಯವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾಯಿತು: ಬ್ಯಾಲೆನ್ಸ್ ಇಲ್ಲದ ಪಿಸ್ಟನ್, ಬ್ಯಾಲೆನ್ಸ್ಡ್ ಪಿಸ್ಟನ್, ಸೀಲ್ ಮಾಡಿದ ಬ್ಯಾಲೆನ್ಸ್ಡ್ ಡಯಾಫ್ರಾಮ್. ಸ್ಕೂಬಾಪ್ರೊ ಕಂಪನಿಯದೇ ಉದಾಹರಣೆ ಬೇಕೆಂದರೆ ಎಂಕೆ2, ಎಂಕೆ25, ಎಂಕೆ17. ಜೊತೆಗೆ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿದ ಒಂದು ಸಿಲಿಂಡರ್, 50 ಬಾರ್‌ಗೆ ಇಳಿದ ಇನ್ನೊಂದು, ಮಧ್ಯಂತರ ಒತ್ತಡ ತೋರಿಸುವ ಒಂದು ಗೇಜ್, ಒಂದು ಬಕೆಟ್ ನೀರು. ಬೆಲೆಪಟ್ಟಿಯನ್ನು ಬೇಕೆಂದೇ ದೂರ ಇಟ್ಟಿದ್ದೆವು.

ಗೇಜ್ ಜೋಡಿಸುವುದು ಸುಲಭ. ಜಾಕೆಟ್‌ಗೆ ಗಾಳಿ ತುಂಬುವ ಹೋಸ್ ಇದೆಯಲ್ಲ, ಅದರ ತುದಿಗೇ ಕೂರುತ್ತದೆ. ಸಿಲಿಂಡರಿನ 200 ಬಾರ್ ಒತ್ತಡವನ್ನು ರೆಗ್ಯುಲೇಟರಿನ ಫಸ್ಟ್ ಸ್ಟೇಜ್, ಅಂದರೆ ಸಿಲಿಂಡರಿನ ಮೇಲೆ ಕೂರುವ ಭಾಗ, ಸುತ್ತಲಿನ ಒತ್ತಡಕ್ಕಿಂತ 9-10 ಬಾರ್ ಹೆಚ್ಚು ಎನ್ನುವ ಮಟ್ಟಕ್ಕೆ ಇಳಿಸುತ್ತದೆ. ಮಧ್ಯಂತರ ಒತ್ತಡ ಎಂದರೆ ಇದೇ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಅದನ್ನು ಉಸಿರಾಡುವ ಮಟ್ಟಕ್ಕೆ ತರುತ್ತದೆ. ಬ್ಯಾಲೆನ್ಸ್ ಇಲ್ಲದ ಪಿಸ್ಟನ್ ಅನ್ನು ಮೊದಲು ತುಂಬಿದ ಸಿಲಿಂಡರಿಗೆ, ಆಮೇಲೆ 50 ಬಾರ್‌ನದಕ್ಕೆ ಹಾಕಿದರೆ ಗೇಜಿನ ಮುಳ್ಳು ಸುಮಾರು ಒಂದು ಬಾರ್, ಕೆಲವದರಲ್ಲಿ ಅದಕ್ಕೂ ಹೆಚ್ಚು ಕೆಳಗೆ ನಿಲ್ಲುತ್ತದೆ. ಇದರಲ್ಲಿ ಸಿಲಿಂಡರಿನ ಗಾಳಿಯೇ ಪಿಸ್ಟನ್ನಿನ ಸೀಟನ್ನು, ಅಂದರೆ ಗಾಳಿಯ ದಾರಿ ಮುಚ್ಚುವ ಮೆತ್ತನೆ ಭಾಗವನ್ನು, ತಳ್ಳಿ ತೆರೆಯಲು ನೆರವಾಗುತ್ತದೆ. ಸಿಲಿಂಡರ್ ಖಾಲಿಯಾದಂತೆ ಆ ನೆರವೂ ಕಡಿಮೆಯಾಗುತ್ತದೆ. ಡೈವ್ ಮುಗಿಯುವ ಹೊತ್ತಿಗೆ ಉಸಿರು ತುಸು ಬಿಗಿ ಎನಿಸುವುದು ಇದಕ್ಕೇ. ಉಳಿದೆರಡರಲ್ಲಿ ಮುಳ್ಳು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಬ್ಯಾಲೆನ್ಸ್ಡ್ ಎನ್ನುವುದು ಇದಕ್ಕೇ.

ಹಾಗೆಂದು ಮೊದಲನೆಯದನ್ನು ಬದಿಗೆ ತಳ್ಳಬೇಕಿಲ್ಲ. ಚಲಿಸುವ ಭಾಗ ಕಡಿಮೆ, ಸರ್ವಿಸ್ ಅಗ್ಗ, ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತದೆ. 12 ರಿಂದ 18 ಮೀಟರಿನೊಳಗೆ ಶಾಂತವಾಗಿ ಈಜುವವರಿಗೆ ಆ ಒಂದು ಬಾರ್ ಗೊತ್ತೂ ಆಗುವುದಿಲ್ಲ. 30 ಮೀಟರಿಗೆ ಹೋಗುವ ಉದ್ದೇಶ ಇದ್ದವರು ಮಾತ್ರ ಬ್ಯಾಲೆನ್ಸ್ಡ್ ಬಿಟ್ಟು ಬೇರೆ ಯೋಚಿಸಬಾರದು.

ಇಲ್ಲಿ ಒಂದು ಪರೀಕ್ಷೆಯನ್ನು ಯಾರೂ ಬಿಡಬಾರದು. ಸೆಕೆಂಡ್ ಸ್ಟೇಜಿನಿಂದ ಗಾಳಿ ಹೊರಬಿಡುವ ಪರ್ಜ್ ಗುಂಡಿಯನ್ನು ಸ್ವಲ್ಪ ಒತ್ತಿ ಬಿಡಿ. ಮುಳ್ಳು ಕೆಳಗಿಳಿದು ಥಟ್ಟನೆ ಮೇಲೆದ್ದು ಒಂದು ಕಡೆ ನಿಲ್ಲಬೇಕು. ನಿಂತ ಮೇಲೂ ಎರಡು ನಿಮಿಷ ನೋಡುತ್ತಿರಿ. ನಿಧಾನವಾಗಿ 10, 10.5, 11 ಎಂದು ಏರುತ್ತಲೇ ಹೋದರೆ ಒಳಗಿನ ಸೀಟು ಸವೆದಿದೆ, ಇಲ್ಲವೇ ಅದು ಕೂರುವ ಲೋಹದ ಅಂಚಿಗೆ ಗೀರು ಬಿದ್ದಿದೆ. ಹೀಗೆ ಏರಿದ ಒತ್ತಡ ಕಡೆಗೆ ಸೆಕೆಂಡ್ ಸ್ಟೇಜಿನ ಕವಾಟವನ್ನೇ ತಳ್ಳಿ ತೆರೆದು ಗಾಳಿ ಬುಸ್ಸೆಂದು ಹೊರಬರುತ್ತದೆ. ಸೀಟು ಬದಲಿಸುವುದು ಸಣ್ಣ ಖರ್ಚು. ಗೀರು ಬಿದ್ದ ಅಂಚನ್ನು ಸರಿಪಡಿಸುವುದು ಹಾಗಲ್ಲ. ಕೆಲವು ಮಾದರಿಗಳಲ್ಲಿ ಇಡೀ ಬಾಡಿ ಬದಲಿಸಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಈ ಎರಡು ನಿಮಿಷಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಹಳೆಯದಾದರೆ ಗಾಳಿ ಒಳಹೋಗುವ ಬಾಯಲ್ಲಿನ ಲೋಹದ ಫಿಲ್ಟರನ್ನೂ ಬೆಳಕಿಗೆ ಹಿಡಿದು ನೋಡಿ. ಹಸಿರು ಕಂಡರೆ ಉಪ್ಪುನೀರು ಒಳಹೊಕ್ಕಿದೆ. ಕೆಂಪು-ಕಂದು ಕಂಡರೆ ಯಾವುದೋ ಉಕ್ಕಿನ ಸಿಲಿಂಡರಿನ ತುಕ್ಕು. ಕಪ್ಪು ಪುಡಿ ಕಂಡರೆ ಕಂಪ್ರೆಸರಿನ ಫಿಲ್ಟರ್ ಕೆಟ್ಟಿತ್ತು.

ಇನ್ನು ಬಕೆಟ್. ಸಿಲಿಂಡರ್ ತೆರೆದಿಟ್ಟು ಸೆಕೆಂಡ್ ಸ್ಟೇಜನ್ನು ಬಾಯಿಗಿಡುವ ತುದಿ ಮೇಲೆ ಬರುವಂತೆ ಹಿಡಿದು ಮೆಲ್ಲಗೆ ನೀರಿಗೆ ಇಳಿಸಿ. ಅದರೊಳಗಿನ ರಬ್ಬರ್ ಪೊರೆ (ಇದಕ್ಕೂ ಡಯಾಫ್ರಾಮ್ ಎಂದೇ ಹೆಸರು) ಸುಮಾರು 2.5 ರಿಂದ 3.5 ಸೆಂಟಿಮೀಟರ್ ಮುಳುಗಿದಾಗ ಸಣ್ಣಗೆ ಸದ್ದು ಶುರುವಾಗಬೇಕು. ಉಸಿರು ಎಳೆಯಲು ಬೇಕಾದ ಬಲವನ್ನು ಹೀಗೆ ನೀರಿನಲ್ಲೇ ಅಳೆಯಬಹುದು. ಬೇಗ ಸದ್ದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ತೀರಾ ಹಗುರವಾಗಿ ಟ್ಯೂನ್ ಮಾಡಿದ್ದು, ತಲೆ ಯಾವ ಕಡೆ ತಿರುಗಿತು ಎನ್ನುವುದರ ಮೇಲೆ ತಾನಾಗಿಯೇ ಗಾಳಿ ಬಿಡಲು ತೊಡಗುತ್ತದೆ. ಅಂಗಡಿಯ ಗಾಳಿಯಲ್ಲಿ ಎಳೆದು ನೋಡಿ ‘ಇದು ಹಗುರ’ ಎಂದು ಆರಿಸುವುದೂ ಅಷ್ಟೇ ಪೊಳ್ಳು. 30 ಮೀಟರಿನಲ್ಲಿ ಗಾಳಿ ನಾಲ್ಕು ಪಟ್ಟು ದಟ್ಟ.

ಆಕ್ಟೋಪಸ್, ಅಂದರೆ ಗಾಳಿ ಮುಗಿದ ಜೊತೆಗಾರರಿಗೆಂದು ಇರುವ ಹೆಚ್ಚುವರಿ ಸೆಕೆಂಡ್ ಸ್ಟೇಜ್ ಬಗ್ಗೆ ಆ ದಿನ ಹೆಚ್ಚು ಹೊತ್ತು ಮಾತಾಡಿದ್ದು ಸುಮ್ಮನೆ ಅಲ್ಲ. ಮುಖ್ಯ ಸೆಕೆಂಡ್ ಸ್ಟೇಜಿಗೆ ಹಣ ಸುರಿದು, ಹಳದಿ ಹೋಸಿನದಕ್ಕೆ ಅತಿ ಅಗ್ಗದ್ದನ್ನು ತಗುಲಿಸುವ ಅಭ್ಯಾಸ ಎಲ್ಲೆಡೆ ಇದೆ. ಲೆಕ್ಕ ಹಾಕಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 30 ಮೀಟರಿನಲ್ಲಿ 80 ಲೀಟರ್ ಎಳೆಯುತ್ತಾರೆ. ಜೊತೆಗಾರರ ಗಾಳಿ ಮುಗಿದು, ಇಬ್ಬರೂ ಗಾಬರಿಯಲ್ಲಿ ಎರಡು ಪಟ್ಟು ಉಸಿರಾಡಿದರೆ ಒಂದೇ ಫಸ್ಟ್ ಸ್ಟೇಜ್ ನಿಮಿಷಕ್ಕೆ 320 ಲೀಟರ್ ಕೊಡಬೇಕು. ಆಕ್ಟೋಪಸ್ ಬಾಯಿಗಿಡುವವರು ಹೆದರಿದವರೇ. ಅವರಿಗೆ ಬಿಗಿಯಾದ, ಒಳಗೆ ಮರಳು ತುಂಬಿದ ಉಪಕರಣ ಕೊಡುವುದು ಅನ್ಯಾಯ. ಯುರೋಪಿನ ಇಎನ್ 250 ಮಾನದಂಡದ 2014ರ ಆವೃತ್ತಿ ಇದಕ್ಕೆಂದೇ ಆಕ್ಟೋಪಸ್ ಜೊತೆಗಿನ ಪರೀಕ್ಷೆಯನ್ನು ಸೇರಿಸಿತು. ಅದರಲ್ಲಿ ಪಾಸಾದ ಸೆಟ್ ಮೇಲೆ ‘ಇಎನ್250ಎ’ ಗುರುತು ಇರುತ್ತದೆ. ಬೆಲೆ ಕೇಳುವ ಮೊದಲು ಆ ಗುರುತನ್ನು ಹುಡುಕಿ. ಹೋಸ್ ಒಂದು ಮೀಟರಿನ ಆಸುಪಾಸು ಇದ್ದರೆ ಜೊತೆಗಾರರ ಕತ್ತು ಎಳೆಯದೆ ಮೇಲೆ ಬರಬಹುದು.

ತಣ್ಣೀರಿನ ವಿಚಾರ ನಮ್ಮ ಕರಾವಳಿಯವರನ್ನು ಕಾಡುವುದಿಲ್ಲ. 10 ಡಿಗ್ರಿಗಿಂತ ಕೆಳಗೆ ಮಾತ್ರ ಹಿಗ್ಗುವ ಗಾಳಿಯ ಚಳಿಗೆ ಫಸ್ಟ್ ಸ್ಟೇಜಿನೊಳಗೆ ಮಂಜುಗಡ್ಡೆ ಕಟ್ಟಿ ಕವಾಟ ತೆರೆದೇ ಉಳಿಯುವ ಅಪಾಯ. ಇಂಗ್ಲೆಂಡ್, ಜರ್ಮನಿಗಳಲ್ಲಿದ್ದು ಅಲ್ಲಿನ ಕೆರೆ, ಕಲ್ಲುಗಣಿಗಳಲ್ಲಿ ಮುಳುಗುವ ಕನ್ನಡಿಗರಿಗೆ ಸೀಲ್ ಮಾಡಿದ ಡಯಾಫ್ರಾಮ್ ಬೇಕೇಬೇಕು. ನೇತ್ರಾಣಿ, ಅಂಡಮಾನ್, ಪುದುಚೇರಿಗಳ ಬೆಚ್ಚನೆ ನೀರಿಗೆ ಅದು ಕಡ್ಡಾಯವಲ್ಲ. ಆದರೂ ಕಲಕಿದ ನೀರಿನ ಹೂಳು, ಉಪ್ಪು ಸ್ಪ್ರಿಂಗ್‌ವರೆಗೆ ಹೋಗದಂತೆ ತಡೆಯುತ್ತದೆ ಎಂಬ ಕಾರಣಕ್ಕೆ ಕೈಯಲ್ಲಿ ಹಣವಿದ್ದರೆ ಅದೇ ಇರಲಿ ಎನ್ನುತ್ತೇವೆ.

ಸಿಲಿಂಡರಿಗೆ ಕೂರುವ ಬಗೆ ಎರಡು. ಯೋಕ್‌ನದು ಹೊರಗಿನಿಂದ ಅಪ್ಪಿ ಹಿಡಿಯುತ್ತದೆ, ಗಾಳಿ ಸೋರದಂತೆ ತಡೆಯುವ ಅದರ ರಬ್ಬರ್ ಬಳೆ (ಓ-ರಿಂಗ್) ಸಿಲಿಂಡರಿನ ಕವಾಟದಲ್ಲಿರುತ್ತದೆ. ಬಾಡಿಗೆ ಸಿಲಿಂಡರಿನಲ್ಲಿ ಅದು ಹರಿದಿದ್ದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಡಿನ್ ಬಗೆಯದು ಒಳಗೆ ತಿರುಗಿಸಿ ಕೂರಿಸುವಂಥದ್ದು, ಓ-ರಿಂಗ್ ನಿಮ್ಮ ರೆಗ್ಯುಲೇಟರಿನಲ್ಲೇ ಇರುತ್ತದೆ, ಹೊಡೆತಕ್ಕೆ ಸುಲಭವಾಗಿ ಜರುಗುವುದಿಲ್ಲ. ನಮ್ಮ ಆಯ್ಕೆ ಡಿನ್, ಜೊತೆಗೊಂದು ಯೋಕ್ ಅಡಾಪ್ಟರ್. ಅಡಾಪ್ಟರ್ ಹಾಕಿದಾಗ ಫಸ್ಟ್ ಸ್ಟೇಜ್ ಹಿಂದಲೆಗೆ ತುಸು ಹತ್ತಿರ ಬರುತ್ತದೆ. ಸಿಲಿಂಡರನ್ನು ಸ್ವಲ್ಪ ಕೆಳಗೆ ಕಟ್ಟಿದರೆ ಸಾಕು.

ಮೂರರಲ್ಲಿ ಯಾವುದು ಎಂಬ ತೀರ್ಮಾನ ಆದದ್ದು ಕಡೆಗೆ ಇನ್ನೊಂದು ಪ್ರಶ್ನೆಯಿಂದ: ಇದನ್ನು ಬಿಚ್ಚುವವರು ಯಾರು? ತಯಾರಕರನ್ನು ಅವಲಂಬಿಸಿ ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ, ಇಲ್ಲವೇ 100 ಡೈವ್‌ಗೊಮ್ಮೆ ಸರ್ವಿಸ್ ಬೇಕು. ಆ ಮಾದರಿಯ ಸೀಟು, ಓ-ರಿಂಗ್, ಫಿಲ್ಟರುಗಳ ಕಿಟ್ ದೇಶದೊಳಗೆ ಸಿಗುತ್ತದೆಯೇ, ಅದಕ್ಕೆ ತರಬೇತಾದ ತಂತ್ರಜ್ಞರು ಇದ್ದಾರೆಯೇ ಎಂದು ಫೋನ್ ಮಾಡಿ ಕೇಳಿ, ಹೌದು ಎಂಬ ಉತ್ತರ ಬಂದ ಸೀಲ್ ಮಾಡಿದ ಡಯಾಫ್ರಾಮನ್ನೇ ಅವರು ಆರಿಸಿದರು. ವಿದೇಶದಿಂದ ಅಗ್ಗಕ್ಕೆ ತರಿಸಿಕೊಂಡು, ಕಿಟ್ ಸಿಗದೆ ಕಪಾಟಿನಲ್ಲಿಟ್ಟ ರೆಗ್ಯುಲೇಟರುಗಳು ಎಷ್ಟೋ ಇವೆ.

ಹೊಸದು ಕೈಗೆ ಬಂದ ಮೇಲೆ ಮೊದಲು ಈಜುಕೊಳ. ಸಿಲಿಂಡರಿಗೆ ಜೋಡಿಸುವ ಮುನ್ನ ಫಸ್ಟ್ ಸ್ಟೇಜಿನ ಬಾಯಿ ಮುಚ್ಚುವ ಡಸ್ಟ್ ಕ್ಯಾಪ್ ಬಿಗಿದು, ಸೆಕೆಂಡ್ ಸ್ಟೇಜನ್ನು ಬಾಯಲ್ಲಿಟ್ಟು ಎಳೆಯಿರಿ, ಗಾಳಿ ಬರಬಾರದು. ಬಂದರೆ ಡಯಾಫ್ರಾಮ್ ಅಥವಾ ಉಸಿರು ಹೊರಹೋಗುವ ರಬ್ಬರ್ ಕವಾಟ ಸರಿಯಾಗಿ ಕೂತಿಲ್ಲ, ನೀರಿನಲ್ಲಿ ಪ್ರತಿ ಉಸಿರಿಗೂ ಹನಿ ಒಳಬರುತ್ತದೆ. ಡೈವ್ ಆದಮೇಲೆ ಸಿಹಿನೀರಿನಲ್ಲಿ ನೆನೆಹಾಕುವಾಗ ಕ್ಯಾಪ್ ಒಣಗಿಸಿ ಹಾಕಿ, ಪರ್ಜ್ ಗುಂಡಿ ಮುಟ್ಟಬೇಡಿ. ಒತ್ತಿದರೆ ನೀರು ಹೋಸ್ ಮೂಲಕ ನೇರ ಫಸ್ಟ್ ಸ್ಟೇಜಿಗೆ ಏರುತ್ತದೆ. ಕೆಲವು ಡೈವ್ ಕಳೆದ ಮೇಲೆ ಗೇಜನ್ನು ಇನ್ನೊಮ್ಮೆ ಹಾಕಿ ನೋಡಿ. ಹೊಸ ಸೀಟಿನ ಮೇಲೆ ಲೋಹದ ಅಂಚು ಒತ್ತಿ ಅಚ್ಚು ಮೂಡುವಾಗ ಒತ್ತಡ ತುಸು ಸರಿಯುವುದು ಸಹಜ. ಆಗ ತಂತ್ರಜ್ಞರ ಕೈಯಲ್ಲಿ ಮತ್ತೆ ಹೊಂದಿಸಿಕೊಂಡರೆ ಆಯಿತು.