ಸ್ಪೆಕ್ಟ್ರಮ್ ಬಿಚ್ಚಿದ ಶನಿವಾರ

8 ಮಾರ್ಚ್ 2025, ಶನಿವಾರ

ಬಹಳ ದಿನದಿಂದ ಕಪಾಟಿನಲ್ಲಿ ಸುಮ್ನೆ ಕೂತಿದ್ದ ಹಳೇ ಹೋಮ್ ಕಂಪ್ಯೂಟರ್ ಝೆಡ್ಎಕ್ಸ್ ಸ್ಪೆಕ್ಟ್ರಮ್‌ಗೆ ಇವತ್ತು ಕೊನೆಗೂ ಕೈ ಹಾಕಿದೆ. 48 ಕೆಬಿ ಮಾಡೆಲ್, ರಬ್ಬರ್ ಕೀಗಳದ್ದು. ನನ್ನ ಕೈಗೆ ಬಂದಾಗಲೇ ಕೆಟ್ಟಿತ್ತು. ಆನ್ ಮಾಡಿದರೆ ಪರದೆ ತುಂಬ ಬಣ್ಣಬಣ್ಣದ ಚೌಕಗಳು, ಅಷ್ಟೇ.

ಕೆಳಗಿನ ಐದು ಸ್ಕ್ರೂ ತೆಗೆದರೆ ಮುಚ್ಚಳ ಬಿಡುತ್ತದೆ. ಆದರೆ ಒಂದೇ ಸಲಕ್ಕೆ ಎತ್ತಬಾರದು. ಕೀಬೋರ್ಡಿನಿಂದ ಇಳಿದು ಬರುವ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಬೋರ್ಡಿಗೆ ಸಿಕ್ಕಿಕೊಂಡಿರುತ್ತವೆ. ಇಷ್ಟು ವರ್ಷ ಬಿಸಿ ಉಂಡ ಪ್ಲಾಸ್ಟಿಕ್ ಅದು. ಸ್ವಲ್ಪ ಮಡಚಿದರೂ ಒಣಗಿದ ಎಲೆಯ ಹಾಗೆ ಮುರಿಯುತ್ತದೆ. ನಿಧಾನಕ್ಕೆ, ನೇರವಾಗಿ ಮೇಲಕ್ಕೆ ಎಳೆದೆ.

ಒಳಗೆ ಎಷ್ಟು ಕಡಿಮೆ ಸಾಮಾನು! ಎಷ್ಟು ಸಲ ನೋಡಿದರೂ ನನಗೆ ಬೆರಗು. 1982ರ ಏಪ್ರಿಲ್ 23ರಂದು ಕೇಂಬ್ರಿಡ್ಜಿನ ಸಿಂಕ್ಲೇರ್ ರಿಸರ್ಚ್ ಇದನ್ನು ಬಿಡುಗಡೆ ಮಾಡಿದಾಗ 16 ಕೆಬಿಯದ್ದಕ್ಕೆ 125 ಪೌಂಡ್, 48 ಕೆಬಿಯದ್ದಕ್ಕೆ 175 ಪೌಂಡ್. ಅದೇ ಕಾಲದ ಬಿಬಿಸಿ ಮೈಕ್ರೋ ಕಂಪ್ಯೂಟರಿನ ಮಾಡೆಲ್ ಬಿಗೆ 399 ಪೌಂಡ್ ಇತ್ತು. ಬಣ್ಣ, ಶಬ್ದ, ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಎಲ್ಲ ಇರುವ ಯಂತ್ರವನ್ನು ಅಷ್ಟು ಕಡಿಮೆಗೆ ಹೇಗೆ ಕೊಟ್ಟರು ಅನ್ನೋದು ಜಾಹೀರಾತು ಓದಿದರೆ ಗೊತ್ತಾಗಲ್ಲ. ರಿಪೇರಿಗೆ ಕೂತರೆ ಗೊತ್ತಾಗುತ್ತದೆ. ಇದರ ಹಾರ್ಡ್‌ವೇರ್ ವಿನ್ಯಾಸ ಮಾಡಿದ ರಿಚರ್ಡ್ ಆಲ್ಟ್‌ವಾಸರ್ ಒಂದೊಂದು ಭಾಗದ ಕೈಲೂ ಎರಡು ಮೂರು ಕೆಲಸ ಮಾಡಿಸಿದ್ದಾರೆ.

ಮೊದಲು ಮಲ್ಟಿಮೀಟರ್ ಹಿಡಿದೆ. ಹಳೇ ಯಂತ್ರ ಯಾವುದೇ ಇರಲಿ, ಚಿಪ್ಪುಗಳ ಮೇಲೆ ಅನುಮಾನ ಪಡುವ ಮುಂಚೆ ಕರೆಂಟ್ ಸರಿಯಾಗಿ ಬರ್ತಿದೆಯಾ ನೋಡಬೇಕು. ಸ್ಪೆಕ್ಟ್ರಮ್‌ನಲ್ಲಂತೂ ಇದು ತುಂಬ ಮುಖ್ಯ. ಹೊರಗಿನ ಅಡಾಪ್ಟರ್ ಕೊಡುವುದು 9 ವೋಲ್ಟ್ ಒಂದೇ. (ಅದರ ಪಿನ್ನಿನ ನಡುವಿನ ಭಾಗ ನೆಗೆಟಿವ್. ಈಗಿನ ಬಹುಪಾಲು ಅಡಾಪ್ಟರುಗಳಲ್ಲಿ ನಡುವಿನದು ಪಾಸಿಟಿವ್. ದಯವಿಟ್ಟು ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ.) ಆದರೆ ಮೊದಲ 16 ಕೆಬಿ ಮೆಮೊರಿಗೆ ಹಾಕಿರುವ 4116 ಚಿಪ್ಪುಗಳಿಗೆ ಮೂರು ಬಗೆಯ ವೋಲ್ಟೇಜ್ ಬೇಕು: +5, +12 ಮತ್ತು −5. ಐದನ್ನು 7805 ರೆಗ್ಯುಲೇಟರ್ ಕೊಡುತ್ತದೆ. ಉಳಿದೆರಡನ್ನು ಹುಟ್ಟಿಸುವುದು ಒಂದು ಸಣ್ಣ ಕಾಯಿಲ್, ಎರಡು ಟ್ರಾನ್ಸಿಸ್ಟರ್, ಕೆಲವು ಡಯೋಡು ಮತ್ತು ಕೆಪಾಸಿಟರುಗಳು. ಕಾಯಿಲ್‌ನಲ್ಲಿ ಹರಿಯುವ ಕರೆಂಟನ್ನು ಟ್ರಾನ್ಸಿಸ್ಟರ್ ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ತಡೆದು ಮಾಡುತ್ತದೆ. ಆ ಏರಿಳಿತದಿಂದಲೇ 12 ವೋಲ್ಟೂ ಬರುತ್ತದೆ, ಮೈನಸ್ 5 ವೋಲ್ಟೂ ಬರುತ್ತದೆ.

4116ರ ಒಂದನೇ ಪಿನ್ನಿಗೆ ಮೀಟರ್ ಇಟ್ಟೆ. −5 ಇರಬೇಕಾದ ಕಡೆ ಸೊನ್ನೆ. ಎಂಟನೇ ಪಿನ್ನಿನಲ್ಲಿ 12 ಬರಬೇಕು, ಅದೂ ತುಂಬ ಕಡಿಮೆ. ಒಂಬತ್ತನೇ ಪಿನ್ನಿನ 5 ಮಾತ್ರ ಸರಿಯಾಗಿತ್ತು. ಅಂದರೆ ಆ ಎರಡನ್ನು ಹುಟ್ಟಿಸುವ ಕನ್ವರ್ಟರ್ ನಿಂತಿದೆ. ಬೋರ್ಡಿನಲ್ಲಿ ಟಿಆರ್4 ಅಂತ ಗುರುತು ಹಾಕಿರುವ ಟ್ರಾನ್ಸಿಸ್ಟರನ್ನು ತೆಗೆದು ನೋಡಿದೆ, ವಯಸ್ಸಾಗಿ ಸುಟ್ಟುಹೋಗಿತ್ತು. ಅದೇ ಜಾತಿಯ ಹೊಸ ಝೆಡ್‌ಟಿಎಕ್ಸ್650 ಹಾಕಿದೆ. ಜೊತೆಯಲ್ಲಿರುವ ಟಿಆರ್5 ಮತ್ತು ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೂ ಬದಲಿಸಿದೆ. ಕಾಯಿಲ್ ಸದ್ಯ ಚೆನ್ನಾಗಿತ್ತು.

ಇಲ್ಲಿಗೆ ಮುಗಿಯಲ್ಲ. −5 ಇಲ್ಲದೆ ಬರೀ 12 ಸಿಕ್ಕರೆ 4116 ಬಿಸಿಯಾಗಿ ಸಾಯುತ್ತದೆ. ಕನ್ವರ್ಟರ್ ಹೋಗುವಾಗ ಎಷ್ಟೋ ಸಲ ಒಂದೆರಡು ಮೆಮೊರಿ ಚಿಪ್ಪನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಮೂರೂ ವೋಲ್ಟೇಜ್ ಸರಿಹೋದ ಮೇಲೆ ಟಿವಿಗೆ ಕೊಟ್ಟೆ. ಈ ಯಂತ್ರ ಟಿವಿಯ ಆಂಟೆನಾ ಸಾಕೆಟ್ಟಿಗೆ ಅಂತ ಮಾಡಿದ್ದು. ಈಗ ಅಂಥ ಟಿವಿ ಹುಡುಕೋದು ಕಷ್ಟ. ಹಾಗಾಗಿ ಚಿತ್ರವನ್ನು ಆಂಟೆನಾ ಸಿಗ್ನಲ್ ಆಗಿ ಬದಲಿಸುವ ಒಳಗಿನ ಮಾಡ್ಯುಲೇಟರನ್ನು ಬಳಸದೆ ಕಾಂಪೋಸಿಟ್ ಸಿಗ್ನಲನ್ನು ನೇರವಾಗಿ ಹೊರಗೆ ತಂದಿದ್ದೇನೆ. ಒಂದು ಕೆಪಾಸಿಟರ್, ಒಂದು ತುಂಡು ತಂತಿಯ ಕೆಲಸ.

ಪರದೆ ಕಪ್ಪಾಗಿತ್ತು. ಅದರ ಮೇಲೆ ಮೇಲಿನಿಂದ ಕೆಳಗಿನವರೆಗೆ ಜೋಡಿ ಜೋಡಿ ಕೆಂಪು ಗೆರೆಗಳು. ಅಲ್ಲಿಗೇ ನಿಂತಿತು. ನನಗೆ ಖುಷಿಯಾಯಿತು, ಯಾಕಂದರೆ ಈ ಗೆರೆಗಳನ್ನು ಓದಬಹುದು.

ಸ್ಪೆಕ್ಟ್ರಮ್ ಆನ್ ಆದ ಕೂಡಲೇ ಅದರ ರೋಮ್ (ಕಾರ್ಖಾನೆಯಲ್ಲೇ ಪ್ರೋಗ್ರಾಮ್ ಬರೆದಿಟ್ಟ ಚಿಪ್) ಮೆಮೊರಿ ಪರೀಕ್ಷೆಗೆ ಇಳಿಯುತ್ತದೆ. ಒಂದೊಂದು ಬೈಟಿನಲ್ಲೂ 2 ಅಂತ ಬರೆದುಕೊಂಡು ಹೋಗುತ್ತದೆ. ಆಮೇಲೆ ಒಂದೊಂದರಿಂದಲೂ ಎರಡು ಸಲ 1 ಕಳೆದು ಸೊನ್ನೆ ಬಂತಾ ನೋಡುತ್ತದೆ. ಎಲ್ಲಿ ಲೆಕ್ಕ ತಪ್ಪಿತೋ ಅಲ್ಲಿಗೆ ಮೆಮೊರಿ ಮುಗೀತು. ತಾನು 16 ಕೆಬಿ ಯಂತ್ರವೋ 48 ಕೆಬಿ ಯಂತ್ರವೋ ಅನ್ನೋದನ್ನೂ ಅದು ಇದೇ ಲೆಕ್ಕದಿಂದ ತಿಳಿದುಕೊಳ್ಳುತ್ತದೆ. ಎರಡಕ್ಕೂ ಒಂದೇ ರೋಮ್ ಸಾಕಾಯಿತು.

ಪರದೆಯ ಚಿತ್ರವೂ ಇದೇ ಮೆಮೊರಿಯಲ್ಲಿ, 16384ನೇ ವಿಳಾಸದಿಂದ ಶುರು. ಹಾಗಾಗಿ ಪರೀಕ್ಷೆ ಕಣ್ಣಿಗೇ ಕಾಣುತ್ತದೆ. ಬಣ್ಣದ ಬೈಟಿನಲ್ಲಿ 2 ಇದ್ದರೆ ಕಪ್ಪಿನ ಮೇಲೆ ಕೆಂಪು. ಚುಕ್ಕೆಗಳ ಬೈಟಿನಲ್ಲಿ 2 ಇದ್ದರೆ ಎಂಟು ಚುಕ್ಕೆಗಳಲ್ಲಿ ಎಡದಿಂದ ಏಳನೆಯದು ಮಾತ್ರ ಹೊತ್ತುತ್ತದೆ. ಎರಡೂ ಸೇರಿದರೆ 32 ಸಣ್ಣ ಕೆಂಪು ಗೆರೆ. ಸರಿಯಾಗಿರುವ ಯಂತ್ರದಲ್ಲೂ ಆನ್ ಮಾಡಿದಾಗ ಅವು ಒಂದು ಕ್ಷಣ ಕಾಣುತ್ತವೆ. ನನ್ನದರಲ್ಲಿ ಪ್ರತಿ ಗೆರೆಗೂ ಒಂದು ಜೊತೆ ಇತ್ತು. ಎಡದಿಂದ ಎರಡನೇ ಚುಕ್ಕೆಯೂ ಹೊತ್ತಿತ್ತು. ಕೆಂಪು ಕೂಡ ಮಾಮೂಲಿಗಿಂತ ಜಾಸ್ತಿ ಹೊಳೆಯುತ್ತಿತ್ತು. ಎರಡನೇ ಚುಕ್ಕೆ ಅಂದರೆ ಆರನೇ ಬಿಟ್ (ಬಿಟ್ ಎಣಿಸುವುದು ಬಲದಿಂದ, ಸೊನ್ನೆಯಿಂದ). ಬಣ್ಣದ ಬೈಟಿನಲ್ಲಿ ಹೊಳಪು ಜಾಸ್ತಿ ಮಾಡುವುದೂ ಆರನೇ ಬಿಟ್ಟೇ. ಎರಡೂ ಸಾಕ್ಷಿ ಒಂದೇ ಕಡೆ ಬೊಟ್ಟು ಮಾಡಿದವು.

4116 ಒಟ್ಟು ಎಂಟು ಇವೆ. ಒಂದೊಂದೂ ಪ್ರತಿ ಬೈಟಿನ ಒಂದೊಂದು ಬಿಟ್ಟನ್ನು ಇಟ್ಟುಕೊಳ್ಳುತ್ತದೆ. ಆರನೇ ಬಿಟ್ಟಿನ ಚಿಪ್ ತೆಗೆದು, ಸಾಕೆಟ್ ಬೆಸೆದು ಹೊಸದನ್ನು ಕೂರಿಸಿದೆ. ಈ ಸಲ ಕೆಂಪು ಗೆರೆ ಮಿಂಚಿ ಹೋಯಿತು. ಪರದೆ ಬೆಳ್ಳಗಾಗಿ ಕೆಳಗೆ ‘© 1982 ಸಿಂಕ್ಲೇರ್ ರಿಸರ್ಚ್ ಲಿಮಿಟೆಡ್’ ಅನ್ನೋ ಸಾಲು ಬಂತು. ಯಾವ ಬಿಟ್ ಕೆಟ್ಟಿದೆ ಅಂತ ಬರಿಗಣ್ಣಿಗೆ ತೋರಿಸುವ ಯಂತ್ರದ ಮೇಲೆ ಪ್ರೀತಿ ಹುಟ್ಟದೆ ಇರುತ್ತಾ?

ಅಷ್ಟರಲ್ಲಿ ಅಕ್ಕನ ಮಗ ಬಂದು ಪಕ್ಕದಲ್ಲಿ ಕೂತ.

“ಮಾಮ, ಇದರಲ್ಲಿ ಗ್ರಾಫಿಕ್ಸ್ ಚಿಪ್ ಯಾವುದು?”

“ಇದು ನೋಡು.”

“ಸೌಂಡಿಗೆ?”

“ಅದೇ.”

“ಮತ್ತೆ ಕೀಬೋರ್ಡಿಗೆ?”

“ಅದೂ ಇದೇ ಕಣೋ. ಟೇಪ್ ಓದೋದೂ ಇದೇ.”

ಅವನಿಗೆ ತೋರಿಸಿದ್ದು ಯುಎಲ್‌ಎ. ಫೆರಾಂಟಿ ಕಂಪನಿಯ ಚಿಪ್. ಪೂರ್ತಿ ಹೊಸ ಚಿಪ್ ಮಾಡಿಸುವುದು ಸಣ್ಣ ಕಂಪನಿಗೆ ಆಗದ ಮಾತು. ಫೆರಾಂಟಿ ಏನು ಮಾಡುತ್ತಿತ್ತೆಂದರೆ, ಲಾಜಿಕ್ ಗೇಟುಗಳನ್ನು ಮೊದಲೇ ಸಾಲಾಗಿ ಮಾಡಿ ಇಟ್ಟುಕೊಳ್ಳುತ್ತಿತ್ತು. ಯಾವುದಕ್ಕೆ ಯಾವುದು ಸೇರಬೇಕು ಅನ್ನೋ ಕೊನೆಯ ಲೋಹದ ಪದರ ಮಾತ್ರ ಗಿರಾಕಿ ಹೇಳಿದ ಹಾಗೆ. ಖರ್ಚು ಎಷ್ಟೋ ಕಡಿಮೆ. ಇದರ ಬಲ ಗೊತ್ತಾಗಬೇಕಾದರೆ ಹಿಂದಿನ ಎರಡು ಯಂತ್ರಗಳನ್ನು ನೋಡಬೇಕು. 1980ರ ಝೆಡ್ಎಕ್ಸ್80 ಜೋಡಿಸಿದ್ದಕ್ಕೆ 99.95 ಪೌಂಡ್ ಇತ್ತು, ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿಪ್ಪುಗಳು. ಮರುವರ್ಷದ ಝೆಡ್ಎಕ್ಸ್81ರಲ್ಲಿ ಯುಎಲ್‌ಎ ಬಂತು, ಚಿಪ್ಪುಗಳು ನಾಲ್ಕೈದಕ್ಕೆ ಇಳಿದವು, ಬೆಲೆ 69.95 ಪೌಂಡ್. ನಾವೇ ಬೆಸೆದುಕೊಳ್ಳುವ ಕಿಟ್ ಆದರೆ 49.95. ಝೆಡ್ಎಕ್ಸ್80ರಲ್ಲಿ ಪರದೆಗೆ ಚಿತ್ರ ಕಳಿಸುವ ಕೆಲಸವೂ ಪ್ರೊಸೆಸರಿನದ್ದೇ ಆಗಿತ್ತು. ಹಾಗಾಗಿ ಒಂದು ಕೀ ಒತ್ತಿದರೂ ಪರದೆ ಒಮ್ಮೆ ಆರಿ ಹತ್ತುತ್ತಿತ್ತು.

ಸ್ಪೆಕ್ಟ್ರಮ್‌ನ ಯುಎಲ್‌ಎ ಜೊತೆ ಪ್ರೊಸೆಸರ್ ಮಾತಾಡುವುದು ಒಂದೇ ಪೋರ್ಟಿನ ಮೂಲಕ, 254. ಅದಕ್ಕೆ ಬರೆದರೆ ಮೂರು ಬಿಟ್ ಪರದೆಯ ಅಂಚಿನ ಬಣ್ಣಕ್ಕೆ, ಒಂದು ಟೇಪಿಗೆ, ಒಂದು ಸ್ಪೀಕರಿಗೆ. ಅದರಿಂದ ಓದಿದರೆ ಐದು ಬಿಟ್ ಕೀಬೋರ್ಡಿನದ್ದು, ಒಂದು ಟೇಪಿನದ್ದು. ಇಷ್ಟೇ.

“ಹಾಗಾದ್ರೆ ಇದು ಕೆಟ್ಟರೆ?” ಅಂದ ಹುಡುಗ. ಕೆಟ್ಟರೆ ಎಲ್ಲ ಹೋಯಿತು. ಫೆರಾಂಟಿ ಈಗಿಲ್ಲ. ಇನ್ನೊಂದು ಹಳೇ ಬೋರ್ಡಿನಿಂದ ತೆಗೆಯಬೇಕು, ಇಲ್ಲಾ ಹವ್ಯಾಸಿಗಳು ಈಗ ಮಾಡುವ ಬದಲಿ ಚಿಪ್ ಹಾಕಬೇಕು. ಅದಕ್ಕೇ ನಾನು ಇದರ ಮೇಲೆ ಒಂದು ಸಣ್ಣ ಹೀಟ್‌ಸಿಂಕ್ ಅಂಟಿಸಿದ್ದೇನೆ, ತುಂಬಾ ಬಿಸಿಯಾಗುತ್ತದೆ ಪಾಪ.

ಕೀಬೋರ್ಡ್ ಪಟ್ಟಿಗಳನ್ನು ವಾಪಸ್ ಸಿಕ್ಕಿಸಿ ಟೈಪ್ ಮಾಡಿದಾಗ ಕ್ಯೂ ಇಂದ ಟಿ ವರೆಗಿನ ಐದು ಕೀ ಮಾತಾಡಲಿಲ್ಲ. 40 ಕೀಗಳನ್ನು ಎಂಟು ಗೆರೆ, ಐದು ಗೆರೆಗಳ ಜಾಲರಿಯಲ್ಲಿ ಹೆಣೆದಿದ್ದಾರೆ. ಎಂಟರಲ್ಲಿ ಒಂದು ಗೆರೆ ಕಡಿದರೆ ಅಕ್ಕಪಕ್ಕದ ಐದು ಕೀ ಹೋಗುತ್ತವೆ. ಪಟ್ಟಿಯ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಬಿರುಕಿನವರೆಗೆ ಸಮನಾಗಿ ಕತ್ತರಿಸಿ ಮತ್ತೆ ಸಿಕ್ಕಿಸಿದೆ, ಬಂತು. ಇದು ಸದ್ಯದ ಮಟ್ಟಿಗೆ, ಹೊಸ ಮೆಂಬ್ರೇನ್ (ಕೀಗಳ ಕೆಳಗಿನ, ಈ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ) ಹಾಕಲೇಬೇಕು.

ಈ ಕೀಬೋರ್ಡಿನ ಬಗ್ಗೆ ನನಗೆ ಎರಡು ಮನಸ್ಸು. ರಿಕ್ ಡಿಕಿನ್ಸನ್ ಅವರ ವಿನ್ಯಾಸ ಅದು. ಮಾಮೂಲಿ ಕೀಬೋರ್ಡಿನ ನೂರಾರು ಬಿಡಿಭಾಗಗಳ ಬದಲು ಒಂದು ಲೋಹದ ತಗಡು, ಒಂದೇ ರಬ್ಬರ್ ಹಾಳೆ, ಅದರ ಕೆಳಗೆ ಮೆಂಬ್ರೇನ್. ನೋಡೋಕೆ ಈಗಲೂ ಚೆಂದ. ಆದರೆ ಉದ್ದದ ಬರಹಕ್ಕೆ ಬೆರಳು ನೋಯುತ್ತದೆ. ಉಳಿತಾಯ ಇಲ್ಲಿ ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನ್ನ ಅಭಿಪ್ರಾಯ. ಒಂದು ಕೀಗೆ ಒಂದು ಬೇಸಿಕ್ ಪದ ಕೊಟ್ಟಿದ್ದು ಮಾತ್ರ ಒಳ್ಳೇ ಯೋಚನೆ. ಪಿ ಒತ್ತಿದರೆ ‘ಪ್ರಿಂಟ್’ ಇಡೀ ಪದ ಬರುತ್ತದೆ, ಮೆಮೊರಿಯಲ್ಲಿ ಒಂದೇ ಬೈಟ್ ಹಿಡಿಯುತ್ತದೆ.

ಆಮೇಲೆ ‘ಪ್ರಿಂಟ್ ಪೀಕ್ 23732 + 256 * ಪೀಕ್ 23733’ ಅಂತ ಕೊಟ್ಟೆ. ಮೆಮೊರಿಯ ಕೊನೆಯ ವಿಳಾಸ ಎಷ್ಟು ಅಂತ ಯಂತ್ರವೇ ಹೇಳುತ್ತದೆ. 32767 ಬಂದರೆ 16 ಕೆಬಿ ಮಾತ್ರ ಕೆಲಸ ಮಾಡುತ್ತಿದೆ ಅಂತ. 65535 ಬಂತು. ಪೂರ್ತಿ 48.

ಆ ಮೇಲಿನ 32 ಕೆಬಿಯಲ್ಲಿ ಒಂದು ಗುಟ್ಟಿದೆ, ಈ ಬೋರ್ಡಿನಲ್ಲಿ ನನಗೆ ಅತಿ ಇಷ್ಟವಾದದ್ದು. ಅಲ್ಲಿರುವುದು ಎಂಟು 64 ಕಿಲೋಬಿಟ್ ಚಿಪ್ಪುಗಳು. ಲೆಕ್ಕದ ಪ್ರಕಾರ 64 ಕೆಬಿ ಆಗಬೇಕು. ಆದರೆ ಅವು ಕಾರ್ಖಾನೆಯ ಪರೀಕ್ಷೆಯಲ್ಲಿ ಅರ್ಧ ಫೇಲಾದ ಚಿಪ್ಪುಗಳು. ಒಂದು ಅರ್ಧ ಕೆಟ್ಟಿದೆ, ಇನ್ನೊಂದು ಅರ್ಧ ಚೆನ್ನಾಗಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು ಅಂಥವನ್ನು 4532 ಅಂತ, ಓಕಿಯವರು 3732 ಅಂತ ಬೇರೆ ಹೆಸರಿನಲ್ಲಿ ಅಗ್ಗಕ್ಕೆ ಮಾರುತ್ತಿದ್ದರು. ಒಂದು ಬೋರ್ಡಿನ ಎಂಟರಲ್ಲೂ ಒಂದೇ ಅರ್ಧ ಚೆನ್ನಾಗಿರಬೇಕು. ಯಾವ ಅರ್ಧ ಅನ್ನೋದನ್ನು ಬೋರ್ಡಿನ ಮೇಲೆ ಒಂದು ಸಣ್ಣ ತಂತಿಯ ಲಿಂಕ್ ಹೇಳುತ್ತದೆ. ಕಸದ ಬುಟ್ಟಿಗೆ ಹೋಗಬೇಕಿದ್ದ ಸಿಲಿಕಾನ್ ಅದು. ಇವತ್ತಿಗೂ ಒಂದು ಬಿಟ್ ತಪ್ಪದೆ ಕೆಲಸ ಮಾಡುತ್ತಿದೆ!

ಅಟ್ಲಾಂಟಿಕ್‌ನ ಆ ಕಡೆ ಕಮೊಡೋರ್ ಅನ್ನೋ ಕಂಪ್ಯೂಟರ್ ಕಂಪನಿ ಹಿಡಿದ ದಾರಿ ಬೇರೆ. 1975ರಲ್ಲಿ ಎಂಒಎಸ್ ಟೆಕ್ನಾಲಜಿ 6502 ಪ್ರೊಸೆಸರನ್ನು 25 ಡಾಲರಿಗೆ ಮಾರಿ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಮರುವರ್ಷ ಕಮೊಡೋರ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಚಿಪ್ ಕಾರ್ಖಾನೆ ಕೈಯಲ್ಲಿದ್ದ ಮೇಲೆ ಬೆಲೆ ಇಳಿಸುವುದು ಅವರಿಗೆ ಸುಲಭವಾಯಿತು. ಸಿಂಕ್ಲೇರ್ ಹತ್ತಿರ ಚಿಪ್ ಕಾರ್ಖಾನೆ ಇರಲಿಲ್ಲ, ಜೋಡಿಸುವ ಕೆಲಸ ಕೂಡ ಸ್ಕಾಟ್ಲೆಂಡಿನ ಡಂಡಿಯ ಟೈಮೆಕ್ಸ್‌ನಲ್ಲಿ ನಡೆಯುತ್ತಿತ್ತು. ನನಗೆ ಸಿಂಕ್ಲೇರ್ ದಾರಿಯೇ ಹೆಚ್ಚು ಹಿಡಿಸುತ್ತದೆ. ಸಿಕ್ಕಿದ್ದರಲ್ಲೇ ದಾರಿ ಹುಡುಕಿದ್ದು ಅಲ್ಲಿ ಹೆಜ್ಜೆಹೆಜ್ಜೆಗೂ ಕಾಣುತ್ತದೆ.

ಸಂಜೆ ಹುಡುಗ ಪರದೆಯ ಅಂಚಿನ ಬಣ್ಣ ಬದಲಿಸುವ ನಾಲ್ಕು ಸಾಲಿನ ಪ್ರೋಗ್ರಾಮ್ ಬರೆದ. ಅದನ್ನು ಉಳಿಸೋಣ ಅಂದೆ. ಸ್ಪೆಕ್ಟ್ರಮ್‌ಗೆ ಡಿಸ್ಕ್ ಇಲ್ಲ, ಮನೆಯ ಟೇಪ್ ರೆಕಾರ್ಡರೇ ಡಿಸ್ಕ್. ನಾವು ‘ಮೈಕ್’ ಸಾಕೆಟ್ಟಿನಿಂದ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿಕೊಂಡೆವು. ಸೊನ್ನೆಗೆ ಸಣ್ಣ ಅಲೆ, ಒಂದಕ್ಕೆ ಅದರ ಎರಡರಷ್ಟು ಉದ್ದದ ಅಲೆ. ಸೆಕೆಂಡಿಗೆ ಸುಮಾರು 1500 ಬಿಟ್. ಯಂತ್ರ ಆಫ್ ಮಾಡಿ, ಆನ್ ಮಾಡಿ, ‘ಇಯರ್’ ಸಾಕೆಟ್ಟಿಗೆ ಅದೇ ಶಬ್ದವನ್ನು ವಾಪಸ್ ಕೇಳಿಸಿದೆವು. ಮೊದಲು ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆ, ಆಮೇಲೆ ನೀಲಿ-ಹಳದಿ ಪಟ್ಟೆ. ಈ ಪಟ್ಟೆಗಳು ಬರೀ ಅಲಂಕಾರಕ್ಕಲ್ಲ. ಸಿಗ್ನಲ್ ಬರ್ತಿದೆಯಾ, ವಾಲ್ಯೂಮ್ ಸಾಕಾ ಅಂತ ಅದನ್ನು ನೋಡಿಯೇ ಹೇಳಬಹುದು. ಮೊದಲು ‘ಟೇಪ್ ಲೋಡಿಂಗ್ ಎರರ್’ ಬಂತು. ವಾಲ್ಯೂಮ್ ಜಾಸ್ತಿ ಮಾಡಿದ ಮೇಲೆ ಪ್ರೋಗ್ರಾಮ್ ಬಂತು. “ಮಾಮ, ಕಂಪ್ಯೂಟರ್ ಕೇಳಿಸಿಕೊಳ್ತಿದೆ!” ಅಂತ ಕೂಗಿದ ಹುಡುಗ.

ನಾಳೆ ಹೊಸ ಮೆಂಬ್ರೇನ್ ಹಾಕಿ ಮುಚ್ಚಳ ಮುಚ್ಚಬೇಕು. 7805ರ ಜಾಗಕ್ಕೆ ಬಿಸಿಯಾಗದ ಸ್ವಿಚಿಂಗ್ ರೆಗ್ಯುಲೇಟರ್ ಹಾಕುವುದೂ ಬಾಕಿ ಇದೆ. ಅದಾದ ಮೇಲೆ ಝೆಡ್ಎಕ್ಸ್81ರ ಸರದಿ. ಅದರ 16 ಕೆಬಿ ಮೆಮೊರಿ ಪ್ಯಾಕ್ ಹಿಂದುಗಡೆ ಸ್ವಲ್ಪ ಅಲ್ಲಾಡಿದರೂ ಬರೆದದ್ದೆಲ್ಲ ಹೋಗುತ್ತದೆ, ಇದು ಆ ಯಂತ್ರ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ. ಅಂಚಿನ ತಾಮ್ರದ ಪಟ್ಟಿಗಳನ್ನು ಮೊದಲು ಆಲ್ಕೋಹಾಲಿನಿಂದ ಒರೆಸಿ ನೋಡ್ತೀನಿ.