ಸಕ್ಕರೆ ಕಾಯಿಲೆಯವರು ಯೋಗ ತರಗತಿಗೆ ಬಂದಾಗ

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಾನು ನಡೆಸುವ ಬೆಳಗಿನ ಯೋಗ ತರಗತಿಗೆ ಹೊಸದಾಗಿ ಸೇರುವವರಲ್ಲಿ ಐವತ್ತು ದಾಟಿದವರೇ ಹೆಚ್ಚು. ಅವರಲ್ಲಿ ಅನೇಕರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆಯೆಂದರೆ, ಆಸನ ಮಾಡಲು ಆರಂಭಿಸಿದ ಮೇಲೆ ಶುಗರ್ ಮಾತ್ರೆ ಬಿಡಬಹುದೇ ಎಂಬುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಇಷ್ಟೊಂದು ಮನೆಗಳನ್ನು ತಟ್ಟುವ ಪ್ರಶ್ನೆಗೆ ಯೋಗ ಶಿಕ್ಷಕರು ಸ್ಪಷ್ಟವಾಗಿ ಉತ್ತರಿಸಬೇಕು: ಯೋಗವನ್ನು ಇಂದೇ ಆರಂಭಿಸಿ, ಆದರೆ ಮಾತ್ರೆಯನ್ನು ಇಳಿಸುವ ನಿರ್ಧಾರ ವೈದ್ಯರದು.

ಮಂಡೂಕಾಸನ, ಅರ್ಧಮತ್ಸ್ಯೇಂದ್ರಾಸನಗಳು ಮೇದೋಜೀರಕ ಗ್ರಂಥಿಯನ್ನು ಒತ್ತಿ ಇನ್ಸುಲಿನ್ ಸುರಿಸುತ್ತವೆ ಎಂಬ ವಿವರಣೆ ಬಹಳ ಜನಪ್ರಿಯವಾಗಿದೆ, ಆದರೆ ಅದನ್ನು ನಾನು ತರಗತಿಯಲ್ಲಿ ಹೇಳುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಕಾರಣಗಳಿವೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸನ್ನು ಹೀರಿಕೊಳ್ಳಬಲ್ಲದು. ದಿನವೂ ಅಭ್ಯಾಸ ಮಾಡಿದರೆ ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ರೀತಿಯೂ ಸುಧಾರಿಸುತ್ತದೆ. ಆತಂಕ, ನಿದ್ರೆಗೇಡುಗಳಿಂದ ಹೆಚ್ಚುವ ಕಾರ್ಟಿಸೋಲ್, ಅಡ್ರಿನಲಿನ್ ಎಂಬ ಹಾರ್ಮೋನುಗಳು ಯಕೃತ್ತಿನಿಂದ ಸಕ್ಕರೆ ಬಿಡುಗಡೆಯಾಗುವಂತೆ ಮಾಡುತ್ತವೆ. ನಿಧಾನವಾದ ಪ್ರಾಣಾಯಾಮ, ಶವಾಸನಗಳು ಈ ಉದ್ವೇಗವನ್ನು ತಗ್ಗಿಸಲು ನೆರವಾಗುತ್ತವೆ. ಟೈಪ್ 2 ಮಧುಮೇಹಿಗಳ ಮೇಲಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಯೋಗಾಭ್ಯಾಸಿಗಳ ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಸಕ್ಕರೆಯನ್ನು ಶೇಕಡಾವಾರು ತೋರಿಸುವ ರಕ್ತಪರೀಕ್ಷೆ) ಸರಾಸರಿ ಒಂದು ಶೇಕಡಾ ಅಂಶದಷ್ಟು, ಅಂದರೆ 8 ಇದ್ದದ್ದು 7ಕ್ಕೆ ಬಂದಷ್ಟು, ಇಳಿದಿತ್ತು. ಈ ಫಲ ಬಂದದ್ದು ಔಷಧಿಯ ಜೊತೆಗೆ ಯೋಗವನ್ನು ಸೇರಿಸಿಕೊಂಡವರಲ್ಲಿ ಎಂಬುದನ್ನು ಮರೆಯಬಾರದು.

ಔಷಧಿ ಮತ್ತು ಯೋಗ ಎರಡೂ ಸಕ್ಕರೆಯನ್ನು ಇಳಿಸುವುದರಿಂದಲೇ ಎಚ್ಚರಿಕೆಯೂ ಬೇಕಾಗುತ್ತದೆ. ಒಮ್ಮೆ ತರಗತಿಯಲ್ಲಿ ಹಿರಿಯ ಮಹಿಳೆಯೊಬ್ಬರು ಸೂರ್ಯನಮಸ್ಕಾರದ ನಡುವೆ ಜಮಖಾನದ ಮೇಲೆ ಕುಳಿತುಬಿಟ್ಟರು. ಹಣೆಯಲ್ಲಿ ತಣ್ಣನೆಯ ಬೆವರು, ಬೆರಳುಗಳಲ್ಲಿ ನಡುಕ, ಕೇಳಿದ್ದಕ್ಕೆ ತಡವರಿಸಿದ ಉತ್ತರ. ಗ್ಲೂಕೋಮೀಟರ್ 62 ತೋರಿಸಿತು. 70ಕ್ಕಿಂತ ಕೆಳಗಿಳಿದರೆ ಕೂಡಲೇ ಉಪಚರಿಸಬೇಕು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿದೆವು. ಅವರು ಇನ್ಸುಲಿನ್ ಹೆಚ್ಚು ಸ್ರವಿಸುವಂತೆ ಮಾಡುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ತಿಂಡಿಯನ್ನು ತರಗತಿಯ ನಂತರಕ್ಕೆ ಇಟ್ಟುಕೊಂಡು ಬಂದಿದ್ದರು. ಯೋಗಕ್ಕೆ ಹೊಟ್ಟೆ ಖಾಲಿ ಇರಬೇಕೆಂಬ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ್ದರು, ಪಾಪ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಒಂದನ್ನೇ ಸೇವಿಸುವವರಲ್ಲಿ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರೆಯ ಹೊತ್ತು, ತಿಂಡಿಯ ಹೊತ್ತು, ಅಭ್ಯಾಸದ ಹೊತ್ತುಗಳನ್ನು ವೈದ್ಯರೊಡನೆ ಕುಳಿತು ಹೊಂದಿಸಿಕೊಳ್ಳಲೇಬೇಕು.

ಮಧುಮೇಹದಿಂದ ಅಕ್ಷಿಪಟಲಕ್ಕೆ ತೀವ್ರ ಹಾನಿಯಾಗಿರುವವರಿಗೆ ಶೀರ್ಷಾಸನ, ಸರ್ವಾಂಗಾಸನದಂತಹ ತಲೆ ಕೆಳಗಾಗುವ ಆಸನಗಳೂ ರಭಸದ ಕಪಾಲಭಾತಿಯೂ ಬೇಡ. ಕಣ್ಣಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಪಾದಗಳು ಜೋಮು ಹಿಡಿದವರಿಗೆ ಗಾಯವಾದದ್ದೇ ತಿಳಿಯುವುದಿಲ್ಲವಾದ್ದರಿಂದ, ಅವರು ಒಂಟಿಕಾಲಿನ ವೃಕ್ಷಾಸನವನ್ನು ಗೋಡೆಯ ಆಸರೆಯಲ್ಲಿ ಮಾಡಬೇಕು, ಮನೆಗೆ ಹೋದ ಮೇಲೆ ಅಂಗಾಲನ್ನು ನೋಡಿಕೊಳ್ಳಬೇಕು. ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಟೈಪ್ 1 ಮಧುಮೇಹ ಇರುವ ಮಕ್ಕಳ ತಂದೆತಾಯಿಯರಲ್ಲಿ ನನ್ನದು ಕಳಕಳಿಯ ಬಿನ್ನಹ: ಯಾರು ಏನೇ ಭರವಸೆ ಕೊಟ್ಟರೂ ಇನ್ಸುಲಿನ್ ನಿಲ್ಲಿಸಬೇಡಿ. ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು ಬರುತ್ತದೆ.

ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳುವುದರಿಂದ, ಯೋಗದ ಫಲವನ್ನು ತಿಳಿಯಲು ಅಷ್ಟು ಕಾಲ ಬಿಡದೆ ಅಭ್ಯಾಸ ಮಾಡಿ ಪರೀಕ್ಷೆ ಮಾಡಿಸಬೇಕು. ವರದಿ ಹಿಡಿದು ವೈದ್ಯರ ಬಳಿ ಹೋದಾಗ, ಯಾವ ದಿನದಿಂದ ಯೋಗ ಆರಂಭಿಸಿದಿರಿ, ಬೆಳಿಗ್ಗೆ ಎಷ್ಟು ಹೊತ್ತು ಮಾಡುತ್ತೀರಿ, ನಡುವೆ ತಲೆ ತಿರುಗಿತ್ತೇ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಮಾತ್ರೆಯ ಪ್ರಮಾಣವನ್ನು ಅವರು ಮರುಪರಿಶೀಲಿಸುವಾಗ ಈ ವಿವರಗಳೂ ಬೇಕಾಗುತ್ತವೆ.